ವಕೀಲರು ಕಟ್ಟಿದ ಇತಿಹಾಸ ಮಂದಿರ: ಆಲೂರ ವೆಂಕಟರಾಯರೂ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವೂ

1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಸ್ಥಾಪನೆಯಾಯಿತು. ಆಗ ಇಡೀ ಮುಂಬಯಿ ಕರ್ನಾಟಕದಲ್ಲಿ ಒಂದೇ ಒಂದು ಪದವಿ ಕಾಲೇಜು ಇರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಬಾಗಿಲು ತೆರೆದದ್ದು 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು ಅದಕ್ಕೂ ಮೂರು ದಶಕಗಳ ನಂತರ. ಇತಿಹಾಸದ ಪ್ರಾಧ್ಯಾಪಕರು, ಸರಕಾರದ ಅನುದಾನ, ಶಾಸನತಜ್ಞರ ತಂಡ ಯಾವುದೂ ಊರಲ್ಲಿ ಇಲ್ಲದ ಹೊತ್ತಿನಲ್ಲಿ 34 ವರ್ಷದ ಒಬ್ಬ ವಕೀಲರು ನಾಡಿನ ಚರಿತ್ರೆಗೆ ಒಂದು ಮನೆ ಬೇಕೆಂದು ಹೊರಟರು. ಅವರು ಆಲೂರ ವೆಂಕಟರಾಯರು. ಜೊತೆಗೆ ನಿಂತವರು ಸಂಶೋಧಕ ನಾರಾಯಣ ಶ್ರೀನಿವಾಸ ರಾಜಪುರೋಹಿತರು.

ವೆಂಕಟರಾಯರನ್ನು ನಾವು ಕರ್ನಾಟಕದ ಕುಲಪುರೋಹಿತರೆಂದು ಗೌರವಿಸುತ್ತೇವೆ. ಏಕೀಕರಣದ ಮಾತು ಬಂದಾಗಲೆಲ್ಲ ಅವರ ಹೆಸರು ಮೊದಲು ಬರುತ್ತದೆ. ಆದರೆ ಅವರು ಕಾಯಿದೆ ಓದಿದವರು, ದಾಖಲೆಯ ಬೆಲೆ ಬಲ್ಲವರು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಮಂಡಳ ಹುಟ್ಟಿದ ಬಗೆ ತಿಳಿಯಬೇಕಾದರೆ ಅಲ್ಲಿಂದಲೇ ಹೊರಡಬೇಕು. ಹಕ್ಕು ಸಾಧಿಸುವವನು ಪುರಾವೆ ತರಬೇಕು. ಕೋರ್ಟಿನ ಈ ಮೂಲಪಾಠವನ್ನು ವೆಂಕಟರಾಯರ ತಲೆಮಾರಿನ ವಕೀಲರು ಒಂದು ನಾಡಿಗೆ ಅನ್ವಯಿಸಿದರು ಎಂಬುದೇ ಈ ಲೇಖನದ ಮುಖ್ಯ ಮಾತು.

ಮನೆತನ, ಪುಣೆ, ಪದವಿ

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ಮನೆತನದ ಹೆಸರಿಗೆ ಮೂಲವಾದದ್ದು ಮಲಪ್ರಭೆಯ ದಂಡೆಯ ಹೊಳೆಆಲೂರು. ತಂದೆ ಭೀಮರಾಯರು ಕಂದಾಯ ಖಾತೆಯಲ್ಲಿ ಶಿರಸ್ತೇದಾರರಾಗಿದ್ದರು. ಶಿರಸ್ತೇದಾರರ ಮನೆಯೆಂದರೆ ಹೊಲದ ಲೆಕ್ಕ, ಇನಾಮು, ವತನ, ಸನದುಗಳ ಮಾತು ದಿನವೂ ಕಿವಿಗೆ ಬೀಳುವ ಮನೆ. ಮಾಧ್ಯಮಿಕ ಶಿಕ್ಷಣ ಧಾರವಾಡದಲ್ಲಿ ಮುಗಿಯಿತು. ಮುಂದೆ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗದೆ ಗತ್ಯಂತರವಿರಲಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ 1903ರಲ್ಲಿ ಬಿ.ಎ. ಆಯಿತು, 1905ರಲ್ಲಿ ಮುಂಬಯಿಯಿಂದ ಎಲ್‌ಎಲ್.ಬಿ.

ಅಂದಿನ ಪುಣೆ ತನ್ನ ಚರಿತ್ರೆಯನ್ನು ಹುಡುಕುತ್ತಿದ್ದ ಊರು. ವಿ.ಕಾ. ರಾಜವಾಡೆಯವರು ಹಳೆಯ ವಾಡೆಗಳ ಅಟ್ಟಗಳಿಂದ, ಪೆಟ್ಟಿಗೆಗಳಿಂದ ಮನೆತನಗಳ ದಫ್ತರಗಳನ್ನು ಹೊರತೆಗೆದು 1898ರಿಂದ ಮರಾಠರ ಇತಿಹಾಸದ ಸಾಧನಗಳ ಸಂಪುಟಗಳನ್ನು ಅಚ್ಚುಮಾಡಿಸುತ್ತಿದ್ದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಮರಾಠಾ ಸತ್ತೆಯ ಉದಯದ ಗ್ರಂಥ 1900ರಲ್ಲಿ ಬಂದಿತ್ತು. ರಾ.ಗೋ. ಭಾಂಡಾರಕರರ ದಖ್ಖಣದ ಪ್ರಾಚೀನ ಇತಿಹಾಸ ಅದಕ್ಕೂ ಹಿಂದಿನದು. ಟಿಳಕರ ಬರಹ, ಭಾಷಣಗಳಲ್ಲಿ ಇತಿಹಾಸವೇ ರಾಜಕಾರಣದ ಕಸುವಾಗಿತ್ತು. ಇವೆಲ್ಲದರ ನಡುವೆ ಓದುತ್ತಿದ್ದ ಕನ್ನಡ ಹುಡುಗನಿಗೆ ಒಂದು ಪ್ರಶ್ನೆ ಎದುರಾಗದೆ ಇರಲು ಸಾಧ್ಯವಿರಲಿಲ್ಲ. ತನ್ನ ನಾಡಿನ ಬಗ್ಗೆ ಯಾರಾದರೂ ಕೇಳಿದರೆ ಕೈಗೆ ಕೊಡಬಹುದಾದ ಒಂದು ಕನ್ನಡ ಪುಸ್ತಕ ಎಲ್ಲಿದೆ?

ಸಾಮಗ್ರಿ ಇರಲಿಲ್ಲವೆಂದಲ್ಲ. ಮುಂಬಯಿ ಸಿವಿಲ್ ಸೇವೆಯಲ್ಲಿದ್ದ ಜೆ.ಎಫ್. ಫ್ಲೀಟರು ಕನ್ನಡ ಜಿಲ್ಲೆಗಳ ರಾಜವಂಶಗಳ ಬಗೆಗಿನ ಗ್ರಂಥವನ್ನು 1882ರಲ್ಲೇ ಪ್ರಕಟಿಸಿದ್ದರು. ಮೈಸೂರಿನಲ್ಲಿ ಬಿ.ಎಲ್. ರೈಸರು 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಹೊರತರುತ್ತಿದ್ದರು. ವಿಜಯನಗರದ ಮೇಲೆ ರಾಬರ್ಟ್ ಸೀವೆಲ್ಲರ ಪುಸ್ತಕ 1900ರಲ್ಲಿ ಬಂತು. ಆದರೆ ಇವೆಲ್ಲ ಇಂಗ್ಲಿಷಿನಲ್ಲಿದ್ದವು, ಹೆಚ್ಚಾಗಿ ಕಚೇರಿಗಳ ಕಪಾಟುಗಳಲ್ಲಿದ್ದವು. ತನ್ನ ಊರಿನ ಗುಡಿಯ ಮುಂದೆ ನಿಂತ ಕಲ್ಲಿನಲ್ಲಿ ಏನಿದೆಯೆಂದು ಲಂಡನ್ನಿನ ವಿದ್ವಾಂಸನಿಗೆ ಗೊತ್ತಿತ್ತು, ಊರ ಗೌಡನಿಗೆ ಗೊತ್ತಿರಲಿಲ್ಲ.

1905, ಹಂಪಿ

ಕಾಯಿದೆಯ ಪದವಿ ಮುಗಿದ ವರ್ಷವೇ ವೆಂಕಟರಾಯರು ಹಂಪಿಯನ್ನು ಕಂಡರು. ಆ ಭೇಟಿ ತಮ್ಮ ಬಾಳಿನ ದಿಕ್ಕನ್ನೇ ಬದಲಿಸಿತೆಂದು ಅವರು ನಂಬಿದ್ದರು. ಅವರ ಬದುಕನ್ನು ಬರೆದವರೆಲ್ಲ ಆ ಘಟ್ಟದಲ್ಲಿ ನಿಂತೇ ಮುಂದೆ ಹೋಗುತ್ತಾರೆ. ಅಂದಿನ ಕರ್ನಾಟಕದ ನಕಾಶೆಯನ್ನು ಎದುರಿಗಿಟ್ಟುಕೊಂಡರೆ ಅದರ ತೀವ್ರತೆ ಅರ್ಥವಾಗುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ. ಬಳ್ಳಾರಿ, ಮಂಗಳೂರುಗಳು ಮದ್ರಾಸಿಗೆ. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮರಿಗೆ. ಮೈಸೂರು ಒಂದು ಸಂಸ್ಥಾನ. ಕೊಡಗು ಬೇರೆಯೇ ಆಡಳಿತ. ಇವುಗಳ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರುಗಳಂಥ ಚಿಕ್ಕ ಸಂಸ್ಥಾನಗಳು. ಹಂಪಿ ಮದ್ರಾಸಿನ ಜಿಲ್ಲೆಯಲ್ಲಿ, ಹೊಳೆಯಾಚೆಯ ಆನೆಗೊಂದಿ ನಿಜಾಮರ ಸೀಮೆಯಲ್ಲಿ. ಒಂದೇ ರಾಜಧಾನಿಯ ಎರಡು ದಂಡೆಗಳು ಎರಡು ಸರಕಾರಗಳಿಗೆ ಹಂಚಿಹೋಗಿದ್ದವು.

ಆ ಭೇಟಿಯ ನಂತರ ಬರವಣಿಗೆ ವೇಗ ಪಡೆಯಿತು. ಕರ್ನಾಟಕ ವಿದ್ಯಾವರ್ಧಕ ಸಂಘ ಧಾರವಾಡದಲ್ಲಿ 1890ರಲ್ಲೇ ಸ್ಥಾಪನೆಯಾಗಿ ಕನ್ನಡ ಪುಸ್ತಕಗಳಿಗೆ ಆಸರೆ ಕೊಟ್ಟಿತ್ತು. ಅದರ ಪತ್ರಿಕೆ ‘ವಾಗ್ಭೂಷಣ’ದ ಹೊಣೆಯನ್ನು ವೆಂಕಟರಾಯರು ಹೊತ್ತರು. 1907ರಲ್ಲಿ ‘ವಿದ್ಯಾರಣ್ಯ ಚರಿತ್ರೆ’ ಬಂತು. ಹಗಲು ಕೋರ್ಟು, ಸಂಜೆ ಸಂಘ, ರಾತ್ರಿ ಓದು ಎಂಬ ಕ್ರಮ ಆ ಕಾಲದ ಧಾರವಾಡದ ಅನೇಕ ವಕೀಲರದು. ವೆಂಕಟರಾಯರ ಬಾಳಿನಲ್ಲಿ ಸಂಜೆಯ ಕೆಲಸವೇ ಬೆಳೆದು ಕಡೆಗೆ ಹಗಲನ್ನೂ ನುಂಗಿತು. ಅವರು ವಕೀಲಿಯನ್ನೇ ಬಿಟ್ಟರು.

ವಕೀಲಿ ಕಲಿಸಿದ್ದು

ಬಿಟ್ಟರೂ ಆ ವಿದ್ಯೆ ವ್ಯರ್ಥವಾಗಲಿಲ್ಲ. ಆಗಿನ ಧಾರವಾಡದ ದಿವಾಣಿ ಕೋರ್ಟಿನಲ್ಲಿ ಎಂಥ ದಾವೆಗಳು ನಡೆಯುತ್ತಿದ್ದವೆಂದು ನೋಡಿದರೆ ಇದು ತಿಳಿಯುತ್ತದೆ. ಕುಲಕರ್ಣಿಕಿ ಯಾವ ಶಾಖೆಗೆ ಸಲ್ಲಬೇಕು, ಗೌಡಕಿ ಹಿರಿಯ ಮನೆಗೋ ಕಿರಿಯ ಮನೆಗೋ, ದತ್ತಕ ಸಿಂಧುವೋ ಅಲ್ಲವೋ, ಇನಾಮು ಹೊಲ ದೇವಸ್ಥಾನದ್ದೋ ಪೂಜಾರಿಯ ಸ್ವಂತದ್ದೋ? 1850ರ ದಶಕದ ಇನಾಮ್ ಕಮಿಷನ್ ಮುಂಬಯಿ ಪ್ರಾಂತದ ಇನಾಮುದಾರರ ಮನೆಮನೆಯಲ್ಲೂ ಸನದು ಕೇಳಿತ್ತು. ಕಾಗದ ತೋರಿಸಲಾಗದವರು ಭೂಮಿ ಕಳೆದುಕೊಂಡಿದ್ದರು. 1874ರ ವತನ ಕಾಯಿದೆ ಬಂದ ಮೇಲೆ ಯಾರು ಯಾರ ಮಗ, ಯಾರು ಯಾರ ದಾಯಾದಿ ಎಂಬುದು ಸರಕಾರಿ ದಫ್ತರದಲ್ಲಿ ದಾಖಲಾಗಬೇಕಾದ ವಿಷಯವಾಯಿತು.

ಹಾಗಾಗಿ ವಂಶಾವಳಿ ಬಿಡಿಸುವುದು ವಕೀಲನ ನಿತ್ಯದ ಕೆಲಸ. ಉದ್ದನೆಯ ಕಾಗದದ ನೆತ್ತಿಯ ಮೇಲೆ ಮೂಲಪುರುಷನ ಹೆಸರು. ಕೆಳಗೆ ಗಂಡುಮಕ್ಕಳು ಹಿರಿತನದ ಕ್ರಮದಲ್ಲಿ. ಸಂತಾನವಿಲ್ಲದೆ ತೀರಿಕೊಂಡವನ ಹೆಸರಿನ ಕೆಳಗೆ ‘ನಿಃಸಂತಾನ’ ಎಂಬ ಷರಾ. ದತ್ತಕ ಹೋದವನ ಹೆಸರಿನಿಂದ ಇನ್ನೊಂದು ಶಾಖೆಗೆ ಅಡ್ಡಗೆರೆ. ಹೆಣ್ಣುಮಕ್ಕಳ ಹೆಸರು ಬಹುಪಾಲು ಇರುವುದೇ ಇಲ್ಲ. ಪ್ರತಿಯೊಂದು ಗೆರೆಗೂ ಎದುರು ಪಕ್ಷದ ವಕೀಲ ಆಧಾರ ಕೇಳುತ್ತಾನೆ.

ಇಲ್ಲಿ ಕಾಯಿದೆಯೇ ಚರಿತ್ರೆಕಾರನಿಗೆ ಒಂದು ನಿಯಮ ಹಾಕಿಕೊಟ್ಟಿತ್ತು. 2024ರವರೆಗೆ ಜಾರಿಯಲ್ಲಿದ್ದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 32ನೆಯ ಕಲಮಿನ ಪ್ರಕಾರ, ತೀರಿಹೋದವರ ಸಂಬಂಧವನ್ನು ಸಾಧಿಸಲು ಮನೆತನದ ವಂಶಾವಳಿ, ಮೃತ್ಯುಪತ್ರ, ಸಮಾಧಿಯ ಕಲ್ಲು, ಕುಟುಂಬದ ಭಾವಚಿತ್ರದ ಮೇಲಿನ ಬರಹ ಇವುಗಳನ್ನೂ ಪರಿಗಣಿಸಬಹುದಿತ್ತು. ಆದರೆ ಒಂದು ಕಟ್ಟುಪಾಡು: ಆ ಬರಹ ತಂಟೆ ಹುಟ್ಟುವ ಮೊದಲೇ ಆಗಿರಬೇಕಿತ್ತು. ಜಗಳ ಶುರುವಾದ ಮೇಲೆ ಬರೆದ ವಂಶಾವಳಿಯಲ್ಲಿ ಬರೆದವನ ಆಸೆ ಸೇರಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ವಿವೇಕ. 90ನೆಯ ಕಲಮು 30 ವರ್ಷ ಹಳೆಯ ದಸ್ತಾವೇಜಿನ ಬಗ್ಗೆ ಹೇಳುವಾಗಲೂ ಅದು ಯೋಗ್ಯ ಸ್ಥಳದಿಂದ, ಯೋಗ್ಯರ ತಾಬೆಯಿಂದ ಬಂದಿರಬೇಕೆಂದು ಕೇಳುತ್ತಿತ್ತು. ಈ ಬರಹ ಯಾವಾಗಿನದು? ಯಾರು ಬರೆದರು? ಎಲ್ಲಿತ್ತು? ಬರೆದವನಿಗೆ ಇದರಿಂದ ಏನು ಲಾಭ? ಈ ನಾಲ್ಕು ಪ್ರಶ್ನೆಗಳನ್ನು ದಿನವೂ ಕೇಳುವ ವೃತ್ತಿಯಿಂದ ಬಂದವರು ಇತಿಹಾಸಕ್ಕೆ ಕೈಹಚ್ಚಿದ್ದು ನಾಡಿನ ಪುಣ್ಯ.

ವೆಂಕಟರಾಯರೊಬ್ಬರೇ ಅಲ್ಲ. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗಳ ತಾಳೆಗರಿ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಗದುಗಿನ ಹುಯಿಲಗೋಳ ನಾರಾಯಣರಾಯರೂ ವಕೀಲರೇ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ನಾಡಗೀತೆ ಅವರದು. ವಕೀಲರ ಈ ಒಂದು ಪೀಳಿಗೆಯನ್ನು ಬಿಟ್ಟು ಉತ್ತರ ಕರ್ನಾಟಕದ ವಿದ್ಯೆಯ ಚರಿತ್ರೆಯನ್ನು ಬರೆಯಲು ಬಾರದು.

ಮಂಡಳದ ಹುಟ್ಟು, ಮಂಡಳದ ಕೆಲಸ

ಪುಣೆಯಲ್ಲಿ ರಾಜವಾಡೆಯವರೂ ಅವರ ಗೆಳೆಯರೂ 1910ರ ಜುಲೈ 7ರಂದು ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಸ್ಥಾಪಿಸಿದ್ದರು. ನಾಲ್ಕು ವರ್ಷಗಳಲ್ಲಿ ಧಾರವಾಡ ತನ್ನ ಮಂಡಳವನ್ನು ಕಟ್ಟಿಕೊಂಡಿತು. ನೆರೆಯವರಿಂದ ಕಲಿಯುವುದಕ್ಕೆ ವೆಂಕಟರಾಯರಿಗೆ ಸಂಕೋಚವಿರಲಿಲ್ಲ. ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರೂ ಅವರೇ. ಮರಾಠಿ ಪುಸ್ತಕದ ಮೇಲಿನ ಗೌರವವೂ ಕನ್ನಡದ ಅಭಿಮಾನವೂ ಅವರಲ್ಲಿ ಒಟ್ಟಿಗೆ ಬಾಳಿದವು.

ಮಂಡಳದ ಕೆಲಸವೆಂದರೆ ಹೊಲ, ಗುಡಿ, ಅಟ್ಟಗಳ ಕೆಲಸ. ಶಾಸನದ ಅಚ್ಚು ತೆಗೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊದಲು ಕಲ್ಲಿಗೆ ಮೆತ್ತಿದ ಎಣ್ಣೆ, ಸುಣ್ಣ, ಪಾಚಿಗಳನ್ನು ತೊಳೆಯಬೇಕು. ತೊಯಿಸಿದ ಕಾಗದವನ್ನು ಕಲ್ಲಿನ ಮೈಗೆ ಹಾಸಿ ಕುಂಚದಿಂದ ಹದವಾಗಿ ಬಡಿಯಬೇಕು. ಆಗ ಅಕ್ಷರದ ಕುಳಿಗಳಲ್ಲಿ ಕಾಗದ ಇಳಿಯುತ್ತದೆ. ಅರೆ ಒಣಗಿದ ಮೇಲೆ ಮಸಿಯ ಗದ್ದಿಗೆಯಿಂದ ಮೆಲ್ಲಗೆ ತಟ್ಟಿದರೆ ಮೇಲ್ಮೈ ಕಪ್ಪಾಗಿ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ, ಮಸಿ ಹೆಚ್ಚಾದರೆ ಅಕ್ಷರ ಮುಚ್ಚುತ್ತದೆ. ಇಷ್ಟು ಮಾಡಿಯೂ ಕೈಗೆ ಬರುವುದು ಓದಬೇಕಾದ ಕಾಗದ ಮಾತ್ರ. ಹಳಗನ್ನಡ ಲಿಪಿ ಬಲ್ಲವರು ಕೂತು ಅದನ್ನು ಸಾಲುಸಾಲಾಗಿ ಬಿಡಿಸಬೇಕು.

ಕಲ್ಲಿನ ಜೊತೆಗೆ ತಾಮ್ರಪಟ, ತಾಳೆಗರಿ, ಕಡತಗಳು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತದಲ್ಲಿ ಊರಿನ ಲೆಕ್ಕವೂ ಮನೆತನದ ವೃತ್ತಾಂತವೂ ಇರುತ್ತಿದ್ದವು. ಕುಲಕರ್ಣಿಗಳ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯವು. ಇವನ್ನು ಹುಡುಕುವುದೆಂದರೆ ಜನರ ನಂಬಿಕೆ ಗಳಿಸುವುದು. ಕಾಗದ ಹೊರಗೆ ಕೊಟ್ಟರೆ ಹೊಲ ಹೋದೀತೆಂಬ ಭಯ ಹಳ್ಳಿಗಳಲ್ಲಿ ಇನಾಮ್ ಕಮಿಷನ್ನಿನ ಕಾಲದಿಂದ ಬೇರೂರಿತ್ತು. ರಾಜಪುರೋಹಿತರಂಥ ಶ್ರಮಜೀವಿಗಳು ಇಂಥ ಕೆಲಸಕ್ಕೆ ಬಾಳನ್ನು ತೆತ್ತರು.

‘ಕರ್ನಾಟಕ ಗತವೈಭವ’

ಮಂಡಳ ಹುಟ್ಟಿದ ಮೂರನೆಯ ವರ್ಷ, 1917ರಲ್ಲಿ, ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಕದಂಬ, ಗಂಗ, ಬಾದಾಮಿಯ ಚಾಲುಕ್ಯ, ರಾಷ್ಟ್ರಕೂಟ, ಕಲ್ಯಾಣದ ಚಾಲುಕ್ಯ, ಹೊಯ್ಸಳ, ವಿಜಯನಗರಗಳನ್ನು ಒಂದೇ ನಾಡಿನ ಒಂದೇ ಕಥೆಯಾಗಿ ಹೇಳಿದ ಪುಸ್ತಕವದು. ಹರ್ಷವರ್ಧನನನ್ನು ತಡೆದ ಇಮ್ಮಡಿ ಪುಲಿಕೇಶಿ, ಅದನ್ನು ಕೊಂಡಾಡುವ 634ರ ಐಹೊಳೆ ಶಾಸನ, ಎಲ್ಲೋರದ ಕೈಲಾಸ ದೇಗುಲ, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವ ಕವಿರಾಜಮಾರ್ಗ: ಇಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಈ ಸಂಗತಿಗಳು ಸಾಮಾನ್ಯ ಓದುಗನ ಮನೆ ತಲುಪಿದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು.

ಇದನ್ನು ಇಂದಿನ ಸಂಶೋಧನೆಯ ಅಳತೆಗೋಲಿನಿಂದ ನೋಡಿದರೆ ಮಿತಿಗಳು ಕಾಣುತ್ತವೆ. ಆಧಾರಗಳು ಬಹುಪಾಲು ಫ್ಲೀಟ್, ಭಾಂಡಾರಕರ, ರೈಸರಂಥವರು ಮೊದಲೇ ಸಿದ್ಧಪಡಿಸಿದವು. ರಾಜರ ಗೆಲುವುಗಳಿಗೆ ಸಿಕ್ಕಷ್ಟು ಜಾಗ ಉಳುವವನಿಗೆ, ನೇಯುವವಳಿಗೆ ಸಿಕ್ಕಿಲ್ಲ. ವೈಭವ ಬೆಳಗಿದಷ್ಟು ಸೋಲು, ಅನ್ಯಾಯಗಳು ಬೆಳಗಿಲ್ಲ. ಅದು ತೀರ್ಪಿನ ಧಾಟಿಯ ಗ್ರಂಥವಲ್ಲ, ಕಕ್ಷಿದಾರನ ಪರವಾಗಿ ಎದೆತುಂಬಿ ಮಾಡಿದ ವಾದ. ಆದರೆ ಆ ಕಕ್ಷಿದಾರನಿಗೆ ಅದುವರೆಗೆ ವಕೀಲರೇ ಇರಲಿಲ್ಲ ಎಂಬುದನ್ನು ಮರೆಯಬಾರದು. ಕನ್ನಡ ಶಾಸನಗಳ ನೆಲದಲ್ಲಿಯೇ ಕನ್ನಡಿಗರು ಪರಕೀಯರಂತೆ ಬದುಕುತ್ತಿದ್ದ ಕಾಲದಲ್ಲಿ, ಆಧಾರಗಳನ್ನು ಕನ್ನಡದಲ್ಲಿ ಕ್ರಮವಾಗಿ ಮುಂದಿಟ್ಟದ್ದೇ ದೊಡ್ಡ ಕೆಲಸ. ಮುಂದಿನವರು ಅದನ್ನು ತಿದ್ದಲು ಸಾಧ್ಯವಾದದ್ದೂ ಅದು ಇದ್ದುದರಿಂದ.

ಇತಿಹಾಸದಿಂದ ಏಕೀಕರಣಕ್ಕೆ

ಮಂಡಳ ಹುಟ್ಟಿದ ಮೇಲೆ ಮುಂದಿನ ಹೆಜ್ಜೆಗಳು ಒಂದರ ಹಿಂದೆ ಒಂದು ಬಂದವು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸಭೆ. 1920ರಲ್ಲಿ ವಿ.ಪಿ. ಮಾಧವರಾಯರ ಅಧ್ಯಕ್ಷತೆಯ ಧಾರವಾಡ ಪರಿಷತ್ತಿನ ನಂತರ ನಾಗಪುರ ಕಾಂಗ್ರೆಸ್ಸು ಕರ್ನಾಟಕವನ್ನು ಪ್ರತ್ಯೇಕ ಪ್ರಾಂತವೆಂದು ಒಪ್ಪಿತು. 1922ರಲ್ಲಿ ವೆಂಕಟರಾಯರು ‘ಜಯಕರ್ನಾಟಕ’ ಪತ್ರಿಕೆ ಹೊರಡಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತು ನೆರೆಯಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ವೆಂಕಟರಾಯರಿಗೆ ಬಂತು.

1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಆಗ ಧಾರವಾಡದಿಂದ ಹೊರಬಂದ ಸ್ಮರಣ ಸಂಪುಟದ ಸಂಪಾದಕರು ಡಿ.ಪಿ. ಕರಮರಕರರು, ಅವರೂ ವಕೀಲರು, ಮುಂದೆ ಕೇಂದ್ರದ ಆರೋಗ್ಯ ಮಂತ್ರಿಯಾದವರು. ನಾನಾ ಪ್ರಾಂತಗಳ ವಿದ್ವಾಂಸರು ಅದಕ್ಕೆ ಲೇಖನ ಕೊಟ್ಟರು. ಹಂಪಿಯ ಮುಂದೆ ನಿಂತ ಯುವಕ ವಕೀಲರ ಸಂಕಟ ಮೂರು ದಶಕಗಳಲ್ಲಿ ವಿದ್ವತ್ಸಮೂಹದ ಜಂಟಿ ಕೆಲಸವಾಗಿ ಬೆಳೆದಿತ್ತು. 1939ರಲ್ಲಿ ಮುಂಬಯಿ ಸರಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದು ಆರ್.ಎಸ್. ಪಂಚಮುಖಿಯವರನ್ನು ನಿರ್ದೇಶಕರನ್ನಾಗಿ ಮಾಡಿತು. ಆ ಸಂಸ್ಥೆ ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ಜನರು ವಂತಿಗೆ ಕೂಡಿಸಿ ಶುರುಮಾಡಿದ ಕೆಲಸಕ್ಕೆ ಸರಕಾರ 25 ವರ್ಷ ತಡವಾಗಿ ಕೈಗೂಡಿಸಿತು ಎನ್ನಬೇಕು.

1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದವು. 76 ವರ್ಷದ ವೆಂಕಟರಾಯರು ಹಂಪಿಗೆ ಹೋಗಿ ಪೂಜೆ ಸಲ್ಲಿಸಿದರು. 1964ರ ಫೆಬ್ರುವರಿ 25ರಂದು ತೀರಿಕೊಂಡರು. ನಾಡಿಗೆ ಕರ್ನಾಟಕವೆಂಬ ಹೆಸರು ಬರಲು ಇನ್ನೂ 9 ವರ್ಷ ಬೇಕಾಯಿತು.

ಊರಿನ ಚರಿತ್ರೆ, ಮನೆತನದ ಚರಿತ್ರೆ

ನಾಡಿನ ಚರಿತ್ರೆ ಒಂದು ಘಟ್ಟ ಮುಟ್ಟಿದೆ. ಊರಿನ, ಮನೆತನದ ಚರಿತ್ರೆ ಹಿಂದೆ ಬಿದ್ದಿದೆ. ಮಂಡಳದ ಆದರ್ಶವನ್ನು ಮುಂದುವರಿಸಬೇಕಾದದ್ದು ಇಲ್ಲಿ. ಇದು ಚಿಕ್ಕ ಕೆಲಸವೆಂದು ತಿಳಿಯುವವರು ಹೊಳೆಆಲೂರಿಗೆ ದೂರವಲ್ಲದ ಲಕ್ಕುಂಡಿಗೆ ಹೋಗಬೇಕು. ಅಲ್ಲಿಯ ಬ್ರಹ್ಮಜಿನಾಲಯದ 1007ರ ಶಾಸನ ದಾನದ ದಾಖಲೆಯಷ್ಟೇ ಅಲ್ಲ, ಒಂದು ಕುಟುಂಬದ ಚರಿತ್ರೆಯೂ ಹೌದು. ಆ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆ ಮಲ್ಲಪಯ್ಯನ ಮಗಳು, ನಾಗದೇವನ ಹೆಂಡತಿ, ಅಣ್ಣಿಗದೇವನ ತಾಯಿ. 993ರಲ್ಲಿ ರನ್ನನ ಅಜಿತಪುರಾಣವೂ ಇದೇ ಮನೆತನವನ್ನು ವಿವರಿಸಿತ್ತು. ಕಲ್ಲು ಒಂದು ಕಡೆ, ಕಾವ್ಯ ಇನ್ನೊಂದು ಕಡೆ. ಎರಡು ಸಾಕ್ಷಿಗಳು ಒಂದನ್ನೊಂದು ಬಲಪಡಿಸುತ್ತವೆ. ಚಾಲುಕ್ಯರ ಸೇನೆ, ಜೈನಧರ್ಮದ ಸ್ಥಿತಿ, ಕವಿಗೆ ಆಶ್ರಯ, ಹೆಣ್ಣಿನ ಸ್ವಂತ ಸಾಮರ್ಥ್ಯ ಎಲ್ಲವೂ ಈ ಒಂದು ಮನೆತನದ ಕಥೆಯಿಂದ ತಿಳಿದುಬರುತ್ತದೆ. ವತನದ ವಂಶಾವಳಿಗಳು ಹೆಣ್ಣಿನ ಹೆಸರು ಬಿಟ್ಟವು, ಲಕ್ಕುಂಡಿಯ ಕಲ್ಲು ಹೆಣ್ಣಿನಿಂದಲೇ ಮನೆತನವನ್ನು ಗುರುತಿಸಿತು.

ನಮ್ಮ ಕಾಲದಲ್ಲಿ ಕಾಗದಗಳಿಗೆ ಬಂದ ಕುತ್ತು ಬೇರೆ ಬಗೆಯದು. 1950ರಲ್ಲಿ ಮುಂಬಯಿ ಸರಕಾರ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡಿತು. ಆ ಸುಧಾರಣೆ ನ್ಯಾಯವಾದದ್ದೇ. ಆದರೆ ವತನದ ಜೊತೆಗೆ ವತನದ ದಫ್ತರಕ್ಕಿದ್ದ ಬೆಲೆಯೂ ಹೋಯಿತು. ಹೊಲಕ್ಕೆ ಆಧಾರವಾಗಿದ್ದ ಕಟ್ಟುಗಳು ಮನೆಯಲ್ಲಿ ಜಾಗ ತಿನ್ನುವ ಕಸವಾದವು. ಮೋಡಿ ಓದುವವರು ವಿರಳರಾದರು. ಮನೆ ಕೆಡವಿ ಕಟ್ಟುವಾಗ ಗೆದ್ದಲು ತಿಂದ ಗಂಟುಗಳು ಒಲೆಗೆ ಹೋದವು. ಇನಾಮ್ ಕಮಿಷನ್ನಿನ ಭಯದಿಂದ ಒಂದು ಶತಮಾನ ಬಚ್ಚಿಟ್ಟದ್ದು ಉದಾಸೀನದಿಂದ ಒಂದೆರಡು ತಲೆಮಾರಿನಲ್ಲಿ ಹಾಳಾಗುತ್ತಿದೆ.

ಉಳಿದದ್ದನ್ನು ಕಾಪಾಡಲು ದೊಡ್ಡ ಸಂಸ್ಥೆಯೇ ಬರಬೇಕೆಂದು ಕಾಯಬೇಕಿಲ್ಲ. ಬಹುಪಾಲು ತಾಲ್ಲೂಕುಗಳಲ್ಲಿ ಕೋರ್ಟಿದೆ, ವಕೀಲರ ಸಂಘವಿದೆ. ಹಳೆಯ ಕಾಗದ ಮೊದಲು ಬರುವುದು ಅವರ ಮೇಜಿಗೇ. ಕಕ್ಷಿದಾರನ ಒಪ್ಪಿಗೆ ಪಡೆದು ಆ ಕಾಗದದ ಛಾಯಾಪ್ರತಿ ತೆಗೆದಿಡಬಹುದು. ಯಾವ ಊರು, ಯಾರ ತಾಬೆ, ಯಾವ ಲಿಪಿ, ಯಾವ ಇಸವಿ ಎಂದು ಒಂದು ಪುಟದಲ್ಲಿ ಗುರುತು ಹಾಕಬಹುದು. ಮನೆತನದ ಹಿರಿಯರು ಹೇಳಿದ ವಂಶಾವಳಿಯನ್ನು, ಹೆಣ್ಣುಮಕ್ಕಳ ಹೆಸರುಗಳನ್ನೂ ಸೇರಿಸಿ, ಹೇಳಿದವರ ಹೆಸರು ಮತ್ತು ತಾರೀಖಿನೊಡನೆ ಬರೆದಿಡಬಹುದು. ಕೇಳಿದ್ದು ಯಾವುದು, ಕಾಗದದಲ್ಲಿ ಕಂಡದ್ದು ಯಾವುದು ಎಂದು ಬೇರೆ ಬೇರೆ ತೋರಿಸಬೇಕು. ಮನೆತನಕ್ಕೆ ಹಿರಿಮೆ ತರುವ ಸಂಗತಿಗೆ ಎಷ್ಟು ಆಧಾರ ಕೇಳುತ್ತೇವೋ ಕುಂದು ತರುವುದಕ್ಕೂ ಅಷ್ಟೇ ಕೇಳಬೇಕು. ಗೇಣಿ ಮಾಡಿದವರ, ಆಯಗಾರರ, ಊರ ಹೊರಗಿನ ಕೇರಿಯವರ ಮಾತನ್ನೂ ದಾಖಲಿಸಬೇಕು. ಅವರ ಹೆಸರಿನಲ್ಲಿ ಸನದು ಇಲ್ಲದಿರಬಹುದು, ಅವರ ದುಡಿಮೆಯಿಲ್ಲದೆ ಯಾವ ಊರಿನ ಚರಿತ್ರೆಯೂ ಇಲ್ಲ.

ಸಾಕ್ಷ್ಯದ ಕಾಯಿದೆ ಹೇಳಿದ ವಿವೇಕ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ತಂಟೆ ಹುಟ್ಟುವ ಮೊದಲು ಬರೆದದ್ದಕ್ಕೆ ಬೆಲೆ ಹೆಚ್ಚು. ಆಸ್ತಿ ಹಂಚಿಕೆಯ, ಜಾತಿಯ ಹೆಮ್ಮೆಯ, ಚುನಾವಣೆಯ ಜಗಳಗಳು ಊರಿನ ಚರಿತ್ರೆಯನ್ನು ತಮಗೆ ಬೇಕಾದಂತೆ ಎಳೆದಾಡುವ ಮೊದಲೇ ಅದನ್ನು ನಿಷ್ಪಕ್ಷಪಾತವಾಗಿ ಬರೆದಿಡುವುದು ಆ ಊರಿಗೆ ಮಾಡುವ ಉಪಕಾರ. 1914ರಲ್ಲಿ ಕಾಲೇಜಿಲ್ಲದ ಊರಿನಲ್ಲಿ ವೆಂಕಟರಾಯರೂ ರಾಜಪುರೋಹಿತರೂ ಆರಂಭಿಸಿದ ಕೆಲಸವನ್ನು ಕಾಲೇಜು, ಮುದ್ರಣ, ಕ್ಯಾಮರಾ ಎಲ್ಲವೂ ಕೈಯಳತೆಯಲ್ಲಿರುವ ನಾವು ಮುಂದುವರಿಸದಿದ್ದರೆ ಅದಕ್ಕೆ ಕಾರಣ ನಮ್ಮ ಸೋಮಾರಿತನ ಮಾತ್ರ. ತಾಲ್ಲೂಕಿಗೊಬ್ಬರು ಮನಸ್ಸು ಮಾಡಿದರೂ ಸಾಕು, ಮಂಡಳದ ಎರಡನೆಯ ಶತಮಾನ ಮೊದಲನೆಯದಕ್ಕಿಂತ ಸಮೃದ್ಧವಾದೀತು.